ಪಾರಮ್ಮನ ತುಪ್ಪದ ಗಿಂಡಿ

ಪಾರಮ್ಮ ಮದುವೆಯಾಗಿ ಹನುಮಸಾಗರದಿಂದ ಹುಲಿಹೈದರಕ್ಕೆ ಬಂದಾಗ ಅವಳ ಜೊತೆ ಬಂದ ಸಾಮಾನಿನಲ್ಲಿ ಒಂದು ಹಿತ್ತಾಳೆಯ ಗಿಂಡಿ ಇತ್ತು. ಅಂಗೈಯಗಲದ ಹೊಟ್ಟೆ, ಗಿಳಿಯ ಕೊಕ್ಕಿನಂಥ ಮೂತಿ. ನೀರಿಗಲ್ಲ, ತುಪ್ಪಕ್ಕೆ ಮಾತ್ರ. ಅವಳ ಅಪ್ಪ ಮುದಿಯಪ್ಪ ಅದನ್ನು ಕುಷ್ಟಗಿಯ ಸಂತೆಯಲ್ಲಿ ಕೊಂಡು, ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿಸಿ, ಮಗಳ ಉಡಿಯಲ್ಲಿ ತಾನೇ ಇಟ್ಟಿದ್ದ. "ಬಂಗಾರ ಹಾಕಾಕ ಆಗಲಿಲ್ಲವ್ವಾ. ಇದನ್ನ ಬರಿದು ಇಡಬ್ಯಾಡ" ಅಂದಿದ್ದ.

ಮುದಿಯಪ್ಪನದು ಹೈನದ ಮನೆ. ಎಮ್ಮೆ ಕಟ್ಟಿಯೇ ಬದುಕಿದವರು. ಬೆಳಕು ಹರಿಯುವ ಮೊದಲೇ ಆ ಮನೆಯಲ್ಲಿ ಕಡಗೋಲಿನ ಸದ್ದು ಶುರುವಾಗುತ್ತಿತ್ತು. ಬಂದ ಬೆಣ್ಣೆಯೆಲ್ಲ ಸಂತೆಗೆ, ಉಳಿದ ಮಜ್ಜಿಗೆ ಮನೆಯವರಿಗೆ. ಮಕ್ಕಳು ಜೋಳದ ರೊಟ್ಟಿಯನ್ನು ಮಜ್ಜಿಗೆಯಲ್ಲಿ ಮುರಿದು ಹಾಕಿಕೊಂಡು, ಹುಳಿಸೊಪ್ಪಿನ ಪುಂಡಿಪಲ್ಯ ನಂಚಿಕೊಂಡು ಬೆಳೆದರು. ತುಪ್ಪದ ವಾಸನೆ ಅವರಿಗೆ ಗೊತ್ತಿದ್ದಷ್ಟು ರುಚಿ ಗೊತ್ತಿರಲಿಲ್ಲ. ಆದರೆ ಬೀಗರು ಬಂದರೆ, ಹಬ್ಬ ಬಂದರೆ ಆ ಮನೆಯ ಕೈ ಬಿಗಿ ಸಡಿಲಾಗುತ್ತಿತ್ತು. ಅಲ್ಲಿಯ ಕಟ್ಟಳೆ ಬೇರೆ. ಉಣ್ಣುವವರು ಬಾಯಲ್ಲಿ ಸಾಕು ಅಂದರೆ ತುಪ್ಪ ನಿಲ್ಲಿಸುವಂತಿಲ್ಲ. ತಾಟಿನ ಮೇಲೆ ಕೈ ಅಡ್ಡ ಹಿಡಿದರೆ ಮಾತ್ರ ನಿಲ್ಲಿಸಬೇಕು. "ಬಾಯಿಗೆ ನಾಚಿಕಿ ಇರತೈತಿ, ಕೈಗೆ ಇರಾದಿಲ್ಲ" ಅಂತ ಮುದಿಯಪ್ಪ ನಗುತ್ತಿದ್ದ. ಪಾರಮ್ಮ ಸಣ್ಣವಳಿದ್ದಾಗಲೇ ಗಿಂಡಿ ಹಿಡಿದು ಪಂಕ್ತಿಯಲ್ಲಿ ನಡೆಯುವುದನ್ನು ಕಲಿತಳು. ಯಾರ ಕೈ ಎಷ್ಟು ಹೊತ್ತಿಗೆ ಅಡ್ಡ ಬರುತ್ತದೆ ಅಂತ ಮೊದಲೇ ಅಂದಾಜು ಮಾಡುವುದು ಅವಳಿಗೆ ಆಟವಾಗಿತ್ತು.

ಹುಲಿಹೈದರದಲ್ಲಿ ಮೊದಲ ಉಗಾದಿಗೆ ಅವಳ ಅಂದಾಜು ತಪ್ಪಿತು.

ಗಂಡ ವಿರುಪಣ್ಣ ತಾಟಿನ ಮುಂದೆ ಕೂತಿದ್ದ. ಹೋಳಿಗೆಯ ಮೇಲೆ ಅವಳು ತುಪ್ಪ ಬಿಟ್ಟಳು. ಹೋಳಿಗೆ ನೆನೆಯಿತು. ಅವನ ಕೈ ಬರಲಿಲ್ಲ. ತುಪ್ಪ ತಾಟಿನಂಚಿಗೆ ಹರಿದು ಅನ್ನದ ಬುಡಕ್ಕೆ ಸೇರಿತು. ಆಗಲೂ ಬರಲಿಲ್ಲ. ಅವನು ಗಿಂಡಿಯ ಮೂತಿಯನ್ನೇ ನೋಡುತ್ತ ಕೂತಿದ್ದ. ಅಕ್ಕಪಕ್ಕದವರು ಕಿಸಕ್ಕನೆ ನಕ್ಕರು. ಗಿಂಡಿ ಬರಿದಾಯಿತು.

ನಗದೇ ಇದ್ದವಳು ಅವನ ಅಕ್ಕ ಗಾಳೆಮ್ಮ ಒಬ್ಬಳೇ. ತಾಯಿ ಇಲ್ಲದ ತಮ್ಮನನ್ನು ಅದೇ ಊರಿನಲ್ಲಿ ತನ್ನ ಗಂಡನ ಮನೆಯಲ್ಲಿಟ್ಟುಕೊಂಡು, ಕೂಲಿ ಮಾಡಿ, ನುಚ್ಚು ಅಂಬಲಿ ಕುಡಿಸಿ ಬೆಳೆಸಿದವಳು ಅವಳು. ಊಟ ಮುಗಿದ ಮೇಲೆ ಪಾರಮ್ಮನನ್ನು ಹಿತ್ತಲಿಗೆ ಕರೆದು ಹೇಳಿದಳು.

"ಅವನ ಕೈ ಅಡ್ಡ ಬರಾದಿಲ್ಲವ್ವಾ, ತಿಳಕೋ. ಸಣ್ಣವಿದ್ದಾಗ ಗೌಡರ ಮನಿ ಮದುವಿಗೆ ಹೋಗಿದ್ವಿ. ಪಂಕ್ತ್ಯಾಗ ತುಪ್ಪ ನೀಡಾಕ ಬಂದಾಂವ ಇವನ ತಾಟ ದಾಟಿ ಮುಂದಿನ ತಾಟಿಗೆ ಹೋದ. ಕೂಲ್ಯಾಕಿ ತಮ್ಮ, ಯಾರು ಕೇಳತಾರ? ಇವ ತಾಟ ಎತ್ತಿ ಹಿಡಕೊಂಡ ಕುಂತಿದ್ದ, ಹಿಂದ ಬರತೈತಿ ಅಂತ. ಊಟಾ ಮುಗಿಯೂತನ ಹಂಗ ಕುಂತಿದ್ದ. ನಾ ಕಂಬದ ಸಂದ್ಯಾಗಿಂದ ನೋಡಿದೆ." ಸೆರಗಿನಿಂದ ಮೂಗೊರೆಸಿಕೊಂಡಳು. "ನೀ ಹಾಕು. ನಿನ್ನ ಅಪ್ಪನ ಮನ್ಯಾಗ ಎಮ್ಮಿ ಅದಾವು."

ಪಾರಮ್ಮ ಹಾಕಿದಳು. ಮುಂದಿನ ಹದಿನಾರು ಹದಿನೇಳು ವರ್ಷ ಹಾಕುತ್ತಲೇ ಬಂದಳು.

ವಿರುಪಣ್ಣನಿಗೆ ಸಾವಿರದ ಒಂಬೈನೂರ ಎಪ್ಪತ್ತೊಂದರಲ್ಲಿ ಕಾಲುವೆ ಇಲಾಖೆಯಲ್ಲಿ ಕೆಲಸ ಸಿಕ್ಕಿತು. ತೂಬುಗಳಿಗೆ ನೀರು ಬಿಡುವ, ಏರಿ ಒಡೆದಿದೆಯೋ ನೋಡುವ ಕೆಲಸ. ಗಂಡ ಹೆಂಡತಿ ಗಂಗಾವತಿಗೆ ಬಂದು ಇಲಾಖೆಯ ಲೈನ್ ಮನೆಯಲ್ಲಿ ಸಂಸಾರ ಹೂಡಿದರು. ಸಾಲಾಗಿ ಒಂದಕ್ಕೊಂದು ಅಂಟಿದ ಮನೆಗಳು, ಒಬ್ಬರ ಮನೆಯ ಒಗ್ಗರಣೆಗೆ ಇನ್ನೊಬ್ಬರ ಮನೆಯವರು ಸೀನಬೇಕು. ಪಕ್ಕದ ಮನೆ ಖಾಜಾಬೀದು. ಅವಳ ಗಂಡ ರಸೂಲಸಾಬ ಇಲಾಖೆಯ ಜೀಪಿನ ಡ್ರೈವರ.

ಆ ದಿನಗಳಲ್ಲಿ ವಿರುಪಣ್ಣ ಹೊತ್ತು ಹುಟ್ಟುವ ಹೊತ್ತಿಗೆ ಏರಿಯ ಮೇಲಿರುತ್ತಿದ್ದ. ಕೈಯಲ್ಲಿ ಗುದ್ದಲಿ, ತಲೆಗೆ ವಸ್ತ್ರ, ಸೊಂಟಕ್ಕೆ ರೊಟ್ಟಿಗಂಟು. ಸಂಜೆ ಮನೆಗೆ ಬಂದಾಗ ಕಣಕಾಲಿನವರೆಗೆ ಕೆಸರು. ತಿಂದದ್ದೆಲ್ಲ ದಾರಿಯಲ್ಲೇ ಕರಗಿ ಹೋಗುತ್ತಿತ್ತು. ಎಷ್ಟು ತುಪ್ಪ ಹಾಕಿದರೂ ಇವರ ಮೈಗೆ ಹತ್ತುವುದಿಲ್ಲ ಅಂತ ಪಾರಮ್ಮನಿಗೆ ಕೊರಗು.

ಮೈಗೆ ಹತ್ತಿದ್ದು ಅವನಿಗೆ ಕುರ್ಚಿ ಬಂದ ಮೇಲೆ. ಏಳೆಂಟು ವರ್ಷದ ನಂತರ ಸಾಹೇಬರು ಅವನನ್ನು ದಫ್ತರದ ಒಳಗಿನ ಕೆಲಸಕ್ಕೆ ಹಾಕಿಕೊಂಡರು. ನಡಿಗೆ ನಿಂತಿತು, ಊಟ ನಿಲ್ಲಲಿಲ್ಲ. ಊಟದ ಜಾತಿಯೂ ಬದಲಾಯಿತು. ಕಾಲುವೆಯ ನೀರು ಬಂದ ಮೇಲೆ ಸುತ್ತಲಿನ ನೆಲವೆಲ್ಲ ಭತ್ತಕ್ಕೆ ಬಿದ್ದಿತ್ತು. ಜೋಳ ತುಟ್ಟಿಯಾಗಿ ಕಂಡಿತು, ರೊಟ್ಟಿ ಬಡಿಯುವುದು ಹಳ್ಳಿಯ ಕೆಲಸವಾಗಿ ಕಂಡಿತು. ಎರಡು ಹೊತ್ತೂ ಅನ್ನ. ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ರೈತರ ಮನೆಗೆ ಸಾಹೇಬರ ಜೊತೆ ಹೋದರೆ ಅಲ್ಲಿ ಬಿಸಿ ಅನ್ನ, ಪಪ್ಪು, ಎಣ್ಣೆಯಲ್ಲಿ ಮುಳುಗಿದ ಉಪ್ಪಿನಕಾಯಿ, ಮೇಲೆ "ಇಂಕೊಂಚೆಂ, ಇಂಕೊಂಚೆಂ", ಇನ್ನೊಂಚೂರು ಅಂತ ಒತ್ತಾಯದ ತುಪ್ಪ. ಅಲ್ಲಿಯೂ ಇವನ ಕೈ ಅಡ್ಡ ಬರುತ್ತಿರಲಿಲ್ಲ. ನಾಲ್ಕು ಗಂಟೆಗೆ ದಫ್ತರದ ಎದುರಿನ ಅಂಗಡಿಯ ಮಿರ್ಚಿ ಭಜಿ. ಆ ಅಂಗಡಿಯ ಬಾಣಲೆಯ ಎಣ್ಣೆ ಕಾಡಿಗೆಯ ಹಾಗೆ ಕಪ್ಪಾಗಿರುತ್ತಿತ್ತು. ನಡುವೆ ಬೀಡಿ.

ಅವನ ಅಂಗಿಯ ಗುಂಡಿಗಳನ್ನು ಪಾರಮ್ಮ ವರ್ಷಕ್ಕೊಮ್ಮೆ ಬಿಚ್ಚಿ ಹೊರಗೆ ಸರಿಸಿ ಹೊಲಿಯುತ್ತಿದ್ದಳು. ಆ ಕೆಲಸ ಅವಳಿಗೆ ಖುಷಿಯ ಕೆಲಸವಾಗಿತ್ತು.

ಎಂಬತ್ತಮೂರರ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಊಟ ಮಾಡಿ ದಫ್ತರಕ್ಕೆ ಹೋದವನು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟ. ಮೈಯೆಲ್ಲ ಬೆವರು. ಎಡಗೈ ಭಾರ. "ಎದಿ ಮ್ಯಾಲೆ ಯಾರೋ ಕುಂತಂಗ ಆಗೈತಿ" ಅಂದ. ದಫ್ತರದವರು ಗ್ಯಾಸ್ ಅಂದರು, ಸೋಡಾ ತರಿಸಿದರು. ರಸೂಲಸಾಬ ಮಾತ್ರ ಅವನ ಮುಖ ನೋಡಿ ಯಾರ ಮಾತೂ ಕೇಳದೆ ಜೀಪಿಗೆ ಹಾಕಿಕೊಂಡು, ದಾರಿಯಲ್ಲಿ ಪಾರಮ್ಮನನ್ನು ಹತ್ತಿಸಿಕೊಂಡು ಬಳ್ಳಾರಿಗೆ ಹೊಡೆದ. ಪಾರಮ್ಮನ ಕೈಯಲ್ಲಿ ತೊಳೆಯುತ್ತಿದ್ದ ಸೌಟು ಹಾಗೇ ಇತ್ತು. ಬಳ್ಳಾರಿ ಮುಟ್ಟಿದ ಮೇಲೆ ಅದನ್ನು ನೋಡಿಕೊಂಡಳು.

ವಿರುಪಣ್ಣ ಉಳಿದ. ಮನೆಗೆ ಬಿಡುವ ದಿನ ಡಾಕ್ಟರು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು. ಧಾರವಾಡ ಕಡೆಯ ಮನುಷ್ಯ, ಮಾತಿನಲ್ಲಿ ಅವಸರ ಇಲ್ಲ.

"ವಿರುಪಣ್ಣನವರ, ಕಾಲುವಿ ಮ್ಯಾಲೆ ಕೆಲಸಾ ಮಾಡಿದವರು ನೀವು. ತೂಬಿನ ಪೈಪಿನ್ಯಾಗ ಹೂಳು ಕುಂತರ ಏನಾಕ್ಕೈತಿ?"

"ಕೆಳಗಿನ ಹೊಲಾ ಒಣಗತೈತ್ರಿ."

"ನಿಮ್ಮ ಎದ್ಯಾಗ ಆಗಿದ್ದೂ ಅದ. ಗುಂಡಿಗಿಗೆ ರಕ್ತಾ ಒಯ್ಯೋ ನಳಗಿ ಒಳಗ ಕೊಬ್ಬು ಕುಂತೈತಿ. ರಕ್ತದಾಗಿರೋ ಕೊಲೆಸ್ಟ್ರಾಲ್ ಅನ್ನೋ ಕೊಬ್ಬು ಅದು. ಮೈ ತಾನೂ ಒಂದಿಷ್ಟು ಮಾಡಕೊಳ್ಳತೈತಿ, ಅದು ಬೇಕು. ನಾವು ತಿನ್ನೋದು ಹೆಚ್ಚಾದ್ರ ರಕ್ತದಾಗ ಏರತೈತಿ, ನಳಗ್ಯಾಗ ಕೂಡತೈತಿ. ಮ್ಯಾಲೆ ಬೀಡಿ ಹೊಗಿ."

ವಿರುಪಣ್ಣ ಸ್ವಲ್ಪ ಯೋಚಿಸಿದ. "ಹೂಳು ತುಂಬಿದ್ರ ನಾವು ಬ್ಯಾಸಿಗ್ಯಾಗ ಕಾಲುವಿ ಬಂದ್ ಮಾಡಿ ತಗೀತೀವ್ರಿ ಸಾಹೇಬರ. ಹಂಗ ಏನರ..."

"ಇದನ್ನ ಬಂದ್ ಮಾಡಿದ್ರ ನೀವ ಬಂದ್ ಆಕ್ಕೀರಿ." ಡಾಕ್ಟರು ನಕ್ಕರು, ಮತ್ತೆ ನಗು ನಿಲ್ಲಿಸಿದರು. "ಅದಕ್ಕ ಹೂಳು ಬರೋದನ್ನ ಕಮ್ಮಿ ಮಾಡಬೇಕು. ತುಪ್ಪ, ಬೆಣ್ಣಿ, ಕೊಬ್ಬಿನ ಮಾಂಸ, ತತ್ತಿ ಒಳಗಿನ ಹಳದಿ, ಕರದಿದ್ದು ಬ್ಯಾಡ. ಬೀಡಿ ಇವತ್ತ ಬಿಡ್ರಿ. ದಿನಾ ನಡೀರಿ. ಇನ್ನೊಮ್ಮಿ ಇಂಥಾ ಏಟು ಬಿದ್ರ ತಡಕೊಳ್ಳೋ ಶಕ್ತಿ ಈ ಗುಂಡಿಗಿಗೆ ಇಲ್ಲ. ಗುಳಗಿ ನಾ ಕೊಡತೀನಿ. ತಾಟು ನಿಮ್ಮ ಮನಿಯವರ ಕೈಯಾಗ ಐತಿ."

ಪಾರಮ್ಮ ತನ್ನ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಗಂಗಾವತಿಗೆ ತಿರುಗಿ ಬಂದ ಸಂಜೆ ಗಿಂಡಿಯನ್ನು ತೊಳೆದು, ಒರೆಸಿ, ಅಟ್ಟದ ಮೇಲೆ ಬೋರಲು ಹಾಕಿದಳು. ಅಪ್ಪ ಬರಿದು ಇಡಬೇಡ ಅಂದಿದ್ದು ನೆನಪಾಯಿತು. ಮಾರನೆಯ ದಿನದಿಂದ ಬೇರೆ ಕೆಲಸಗಳಿದ್ದವು.

ವಾರದೊಳಗೆ ಗಾಳೆಮ್ಮ ಬಂದಳು. ದವಾಖಾನೆಯಿಂದ ಬಂದವರನ್ನು ನೋಡಲು ಬರಿಗೈಯಲ್ಲಿ ಯಾರೂ ಬರುವುದಿಲ್ಲ, ಬುತ್ತಿ ಕಟ್ಟಿಕೊಂಡೇ ಬರುತ್ತಾರೆ. ಗಾಳೆಮ್ಮ ಬಸ್ಸಿನ ಮೇಲಿಂದ ಇಳಿಸಿದ ಬುಟ್ಟಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆ ಎಣ್ಣೆಗಾಯಿ, ಶೇಂಗಾ ಹೋಳಿಗೆ, ಕರಿಗಡಬು. ಎಲ್ಲಕ್ಕೂ ಮೇಲೆ, ಬಾಯಿಗೆ ಬಟ್ಟೆ ಕಟ್ಟಿದ ಒಂದು ತಂಬಿಗೆ ತುಪ್ಪ. ಈಗ ಅವಳ ಮನೆಯಲ್ಲೂ ಎಮ್ಮೆ ಇದ್ದವು.

"ಅಕ್ಕಾರ, ತುಪ್ಪ ಬ್ಯಾಡ ಅಂದಾರ್ರಿ ಡಾಕ್ಟರು" ಅಂದಳು ಪಾರಮ್ಮ, ಬುಟ್ಟಿ ಇಳಿಸಿಕೊಳ್ಳುತ್ತಲೇ.

"ಯಾಕಂತ?"

"ಕೊಬ್ಬು ನಳಗ್ಯಾಗ ಕುಂತು ರಕ್ತಾ ಹೋಗಾಕ ದಾರಿ ಇಲ್ಲದಂಗ ಮಾಡೇತಂತ."

"ಅಯ್ಯ, ಹುಚ್ಚಿ. ಬಂಡಿ ಗಾಲಿಗೆ ಕೀಲೆಣ್ಣಿ ಇಲ್ಲಂದ್ರ ಓಡತೈತೇನು? ನೋಡ ಇಲ್ಲೆ, ಹೆಂಗ ಇಳದು ಹೋಗ್ಯಾನ. ಕೊಳ್ಳಾಗ ಎಲುವು ಕಾಣಾಕತ್ಯಾವು. ಡಾಕ್ಟರ ನಿನ್ನಿ ಕಂಡಾನ ಇವನ್ನ. ನಾ ಹುಟ್ಟಿದಾಗಿಂದ ಕಂಡೀನಿ."

ಬುತ್ತಿ ತಂದವರು ಮೊದಲ ತುತ್ತು ತಮ್ಮ ಕೈಯಿಂದಲೇ ನೀಡುವುದು ಅವರ ಮನೆಯ ರೂಢಿ. ಗಾಳೆಮ್ಮ ತಾಟಿನಲ್ಲಿ ಹೋಳಿಗೆ ಇಟ್ಟಳು. ತಂಬಿಗೆಯ ಬಟ್ಟೆ ಬಿಚ್ಚಿದಳು. ಪಾರಮ್ಮ ಗಂಡನ ಕಡೆ ನೋಡಿದಳು. ಅವನು ತಾಟಿನ ಕಡೆ ನೋಡುತ್ತಿದ್ದ. ತುಪ್ಪ ಬಿತ್ತು, ಹೋಳಿಗೆ ನೆನೆಯಿತು, ಅಂಚಿಗೆ ಹರಿಯಿತು. ಕೈ ಬರಲಿಲ್ಲ. ತಾಟಿನ ಮುಂದೆ ಕೂತ ಅವನ ಮುಖ ಆ ಹೊತ್ತಿನಲ್ಲಿ ಹುಡುಗನ ಮುಖದ ಹಾಗೆ ಇತ್ತು. ಪಾರಮ್ಮ ಒಳಗೆ ಹೋಗಿ ಬುಟ್ಟಿಯಲ್ಲಿ ಉಳಿದದ್ದನ್ನೆಲ್ಲ ಪಾಲು ಮಾಡಿ ಲೈನ್ ಮನೆಗಳಿಗೆ ಬೀರಿ ಬಂದಳು. ಬುತ್ತಿ ಬಂದರೆ ಓಣಿಗೆ ಬೀರಬೇಕು, ಅದೂ ರೂಢಿಯೇ. ಆದರೆ ಯಾರಿಗೆ ತಂದದ್ದೋ ಅವರು ಎರಡು ದಿನ ಉಂಡ ಮೇಲೆ. ಬಂದ ಹೊತ್ತಿಗೇ ಯಾರೂ ಬೀರುವುದಿಲ್ಲ.

ಗಾಳೆಮ್ಮ ಬರಿದಾದ ಬುಟ್ಟಿ ನೋಡಿದಳು.

"ನನ್ನ ತಮ್ಮಗ ತಂದಿದ್ದೆ ಪಾರವ್ವಾ. ನಿನ್ನ ಓಣಿಗಲ್ಲ."

"ಅಕ್ಕಾರ, ಇವರು ಉಳೀಬೇಕಲ್ರೀ."

"ಅವಾಗ ಹಾಕಾಕ ಇರಲಿಲ್ಲ. ಈಗ ಐತಿ. ಈಗ ಹಾಕಬ್ಯಾಡ ಅಂತೀ." ಗಾಳೆಮ್ಮ ಬುಟ್ಟಿ ಕಂಕುಳಲ್ಲಿ ಇಟ್ಟುಕೊಂಡಳು. ತಮ್ಮ ಕರೆದರೂ ಕೂರಲಿಲ್ಲ, ಮಧ್ಯಾಹ್ನದ ಬಸ್ಸಿಗೆ ಹೋಗಿಬಿಟ್ಟಳು.

ಅಂದು ಪಾರಮ್ಮ ಗಂಡನಿಗೆ ನೇರ ಹೇಳಿದಳು. "ನೋಡ್ರಿ, ನಾ ಬ್ಯಾಡ ಅಂದ್ರ ನಾ ಜುಗ್ಗಿ, ನಾ ಕೆಟ್ಟಾಕಿ ಆಕ್ಕೀನಿ. ನೀವ ಕೈ ಅಡ್ಡ ಹಿಡೀಬೇಕು."

"ಅಕ್ಕನ ಕೈಗೆ ಅಡ್ಡ ಹಿಡೀಲೇನು?"

"ಹಿಡೀದಿದ್ರ ನನ್ನ ಕುಂಕುಮಕ್ಕ ಅಡ್ಡ ಬರತೈತಿ."

ಅವನು ಗೋಡೆ ಕಡೆ ತಿರುಗಿ ಮಲಗಿದ. ಪಕ್ಕದ ಮನೆಯಿಂದ ಖಾಜಾಬೀಯ ದನಿ ಕೇಳುತ್ತಿತ್ತು. "ಪಾರಮ್ಮಾ, ಹೋಳಿಗಿ ಭಾಳ ಛಲೋ ಅದಾವ. ನಿನ್ನ ಗಂಡ ಬೀಮಾರ ಬಿದ್ದಾಗಿಂದ ನನ್ನ ಗಂಡ ದಪ್ಪಾಗಾಕತ್ಯಾನ ನೋಡು!"

ಸಪ್ಪೆ ಊಟ ವಿರುಪಣ್ಣನಿಗೆ ಸೇರಲಿಲ್ಲ. ಅನ್ನಕ್ಕೆ ತಿಳಿಸಾರು ಹಾಕಿದರೆ ಎರಡು ತುತ್ತು ಉಂಡು ಎದ್ದುಬಿಡುತ್ತಿದ್ದ. "ಬಾಣಂತಿಗೆ ನೀಡಿದಂಗ ನೀಡತೀ. ಇಲ್ಲಾ ಸಾಯೋರಿಗೆ" ಅನ್ನುತ್ತಿದ್ದ. ಏನು ಹಾಕಿದರೆ ಇವರು ಉಂಡಾರು ಅಂತ ಪಾರಮ್ಮ ದಿನವಿಡೀ ಯೋಚಿಸಿದಳು. ಆಗ ಅವಳಿಗೆ ಹೊಳೆದದ್ದು ವನಸ್ಪತಿ.

ಹೈನದ ಮನೆಯ ಮಗಳು ವನಸ್ಪತಿಯನ್ನು ತನ್ನ ಅಡುಗೆಮನೆಯ ಹೊಸ್ತಿಲು ದಾಟಿಸಿದವಳೇ ಅಲ್ಲ. ಸಂತೆಯಲ್ಲಿ ಅದರ ಡಬ್ಬಿಗಳು ಬಂದಾಗ ಅಪ್ಪ ಮುದಿಯಪ್ಪ ಉಗುಳಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. "ತುಪ್ಪದ ವೇಷ ಹಾಕೇತಿ, ತುಪ್ಪ ಅಲ್ಲ ಇದು. ಎಣ್ಣಿ ಹೆಪ್ಪುಗಟ್ಟಿಸಿ ಮಂದಿ ಕಣ್ಣಾಗ ಮಣ್ಣ ಹಾಕತಾರ" ಅಂತ ಅವನು ಕೂಗಾಡಿದ್ದ. ಬೆರಳಲ್ಲಿ ಉಜ್ಜಿ ನೋಡಿ ತುಪ್ಪ ಯಾವುದು, ವನಸ್ಪತಿ ಯಾವುದು ಹೇಳುವುದನ್ನು ಅವಳಿಗೆ ಅವನೇ ಕಲಿಸಿದ್ದ. ಈಗ ಅವಳ ಲೆಕ್ಕ ಸರಳವಾಗಿತ್ತು. ಡಾಕ್ಟರು ತುಪ್ಪ ಬೇಡ ಅಂದಿದ್ದಾರೆ. ಇದು ತುಪ್ಪ ಅಲ್ಲ. ಈ ಮಾತನ್ನು ಅವಳಷ್ಟು ಖಾತ್ರಿಯಾಗಿ ಹೇಳುವವರು ಇಡೀ ಗಂಗಾವತಿಯಲ್ಲಿ ಯಾರಿದ್ದರು?

ಅಭಿಮಾನ ನುಂಗಿಕೊಂಡು ಡಬ್ಬಿ ತಂದಳು. ಉಪ್ಪಿಟ್ಟಿಗೆ ಅದನ್ನೇ ಹಾಕಿದಳು, ಒಗ್ಗರಣೆಗೆ ಅದನ್ನೇ, ಚಪಾತಿಗೂ ಅದನ್ನೇ ಸವರಿದಳು. ವಿರುಪಣ್ಣ ಉಣ್ಣತೊಡಗಿದ. "ಇದು ಛಲೋ ಐತೆಲ್ಲ" ಅಂದ. ಮೋರೆಗೆ ಬಣ್ಣ ಬಂತು. ಬೀಡಿಯನ್ನು ಅವನು ನಿಜಕ್ಕೂ ಬಿಟ್ಟಿದ್ದ. ಸಂಜೆ ರಸೂಲಸಾಬನ ಜೊತೆ ಅಷ್ಟು ದೂರ ಅಡ್ಡಾಡಿ ಬರುತ್ತಿದ್ದ. ಗಂಡನ ಬಾಯಿಗೂ ಸಮಾಧಾನ, ಎದೆಗೂ ಸಮಾಧಾನ, ಇಂಥ ದಾರಿ ಹುಡುಕಿದೆನಲ್ಲ ಅಂತ ಪಾರಮ್ಮ ಒಳಗೊಳಗೇ ಹಿಗ್ಗಿದಳು.

ದೀಪಾವಳಿ ಮುಗಿದ ಮೇಲೆ ಮತ್ತೆ ಬಳ್ಳಾರಿಗೆ ಹೋದರು. ರಕ್ತ ತೆಗೆದರು. ಡಾಕ್ಟರು ಕಾಗದ ನೋಡಿ ಕನ್ನಡಕ ಮೇಲೆತ್ತಿದರು.

"ಇಳದಿಲ್ಲ. ಒಂದೀಟು ಏರೈತಿ. ವಿರುಪಣ್ಣನವರ, ಕದ್ದು ತಿಂತೀರೇನು?"

"ಇಲ್ರೀ."

"ಮತ್ತ?"

ಪಾರಮ್ಮನಿಗೆ ಸಿಟ್ಟು ನೆತ್ತಿಗೇರಿತು. "ನನ್ನ ಮನ್ಯಾಗ ತುಪ್ಪದ ಗಿಂಡಿ ಬೋರಲ ಬಿದ್ದು ಆರು ತಿಂಗಳ ಆತ್ರೀ ಸಾಹೇಬರ. ಜಾಡ ಕಟ್ಟೇತಿ ಅದಕ್ಕ. ಒಂದ ಹನಿ ತುಪ್ಪ ಇಲ್ಲ, ಬೆಣ್ಣಿ ಇಲ್ಲ. ಬರೇ ವನಸ್ಪತಿ ಹಾಕತೀನಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಎದಕ್ಕ ಹಾಕತೀರಿ?"

"ಎಲ್ಲಾದಕ್ಕೂ."

ಅವರು ಒಮ್ಮೆಲೇ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು ಅಂತ ಆಮೇಲೆ ಪಾರಮ್ಮನಿಗೆ ಅನ್ನಿಸಿತು.

"ತುಪ್ಪ ಅಲ್ಲ ಅಂತ ಹಾಕಿದಿರಿ, ಹೌದಿಲ್ಲೋ?"

"ನಮ್ಮ ಅಪ್ಪ ಹೇಳತಿದ್ದರಿ. ಅದು ತುಪ್ಪ ಅಲ್ಲ, ಎಣ್ಣಿ ಅಂತ."

"ನಿಮ್ಮ ಅಪ್ಪ ಹೇಳಿದ್ದು ಖರೆ. ಎಣ್ಣೀನ ಅದು. ಆದ್ರ ಅದನ್ನ ಗಟ್ಟಿ ಮಾಡ್ಯಾರ. ಒಳಗ ಹೋದ ಮ್ಯಾಲೆ ಅದು ತುಪ್ಪದ ಕೆಲಸಾನ ಮಾಡತೈತಿ. ನಾನೂ ಬಿಡಿಸಿ ಹೇಳಬೇಕಾಗಿತ್ತು. ಒಂದ ಗುರುತು ಇಟಗೋರಿ: ಚಳಿಗೆ ತಾನ ತಾನ ಹೆಪ್ಪುಗಟ್ಟಿ ಕೂಡೋದು ಯಾವುದಿದ್ರೂ ಕಮ್ಮಿ ಮಾಡ್ರಿ. ತುಪ್ಪನ ಇರಲಿ, ವನಸ್ಪತಿನ ಇರಲಿ, ಕುರಿ ಕೊಬ್ಬನ ಇರಲಿ. ನಿಮ್ಮ ಕಡೆ ಕುಸುಬಿ ಎಣ್ಣಿ ಸಿಗತೈತಲ್ಲ? ಅದನ್ನ ಹಾಕ್ರಿ, ಅದೂ ಚಮಚಾದಾಗ. ನೀವು ತವರಮನ್ಯಾಗ ಏನ ಉಣತಿದ್ರಿ?"

"ಜ್ವಾಳದ ರೊಟ್ಟಿ, ಪಲ್ಯಾ, ಮಜ್ಜಿಗಿ. ಬೆಣ್ಣಿ ಮಾರತಿದ್ವಿರಿ."

"ಅದನ್ನ ನೀಡ್ರಿ ಇವರಿಗೆ. ಬೆಣ್ಣಿ ತಗದ ಮಜ್ಜಿಗಿ, ರೊಟ್ಟಿ, ಕಾಳು, ತೊಪ್ಪಲಪಲ್ಯಾ."

ತಿರುಗಿ ಬರುವಾಗ ಬಸ್ಸಿನಲ್ಲಿ ಪಾರಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಭತ್ತದ ಗದ್ದೆಗಳು ಹಿಂದೆ ಸರಿದವು. ವಿರುಪಣ್ಣ, "ಬಿಡಲೇ. ಹೂಳಿನ ಜಾತಿ ಬ್ಯಾರೆ ಇತ್ತು, ಅಷ್ಟ" ಅಂದ. ಅವಳು ಅಳುತ್ತಲೇ ನಕ್ಕುಬಿಟ್ಟಳು. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು.

ಮನೆಗೆ ಬಂದವಳೇ ಡಬ್ಬಿ ಹೊರಗಿಟ್ಟಳು. ಖಾಜಾಬೀ ಕೇಳಿದಳು, "ನನಗ ಕೊಡ, ಯಾಕ ಚೆಲ್ಲತೀ?"

"ನಿನ್ನ ಗಂಡಗೂ ಎದಿ ಐತಿ, ಖಾಜಾಬೀ" ಅಂದಳು ಪಾರಮ್ಮ. ಕಾರ್ತಿಕದ ದೀಪಗಳಿಗೆ ಅದನ್ನು ಹಾಕಿ ಉರಿಸಿದಳು. ಡಬ್ಬಿ ಖಾಲಿಯಾದ ಮೇಲೆ ತಳಕ್ಕೆ ತೂತು ಹೊಡೆದು, ಮಣ್ಣು ತುಂಬಿ ಮೆಂತ್ಯ ಚೆಲ್ಲಿದಳು.

ಮತ್ತೆ ರೊಟ್ಟಿ ಹಿಟ್ಟು ನಾದುವ ಕೊಣಮಿಗೆ ಬೂದಿ ಹಚ್ಚಿ ತಿಕ್ಕಿದಳು. ಜೋಳ ತರಿಸಿ ಗಿರಣಿಗೆ ಕಳಿಸಿದಳು. ಲೈನ್ ಮನೆಗಳಲ್ಲಿ ಎಷ್ಟೋ ದಿನದ ಮೇಲೆ ರೊಟ್ಟಿ ಬಡಿಯುವ ಸದ್ದು ಎದ್ದಿತು. ಹೆಸರುಕಾಳಿನ ಪಲ್ಯ, ಹಸಿ ಮೆಂತ್ಯ, ಉಳ್ಳಾಗಡ್ಡಿ, ಒಣಗಿಸಿದ ಕಟಕ ರೊಟ್ಟಿ, ದೊಡ್ಡ ಬಟ್ಟಲಲ್ಲಿ ನೀರುಮಜ್ಜಿಗೆ. ಗಾಣದ ಕುಸುಬೆ ಎಣ್ಣೆಯನ್ನು ಮಕ್ಕಳಿಗೆ ಔಷಧಿ ಹಾಕುವ ಚಮಚದಲ್ಲಿ ಅಳೆದು ಹಾಕುವಳು. ವಿರುಪಣ್ಣ ಮೊದಮೊದಲು ಗೊಣಗಿದ. "ಹುಲಿಹೈದರ ಬಿಟ್ಟು ಇಷ್ಟು ದೂರ ಬಂದಿದ್ದು ಹೊಳ್ಳಿ ಇದನ್ನ ಉಣ್ಣಾಕೇನು?" ಅಂದ. ಆದರೆ ಹಲ್ಲಿಗೆ ಹಳೆಯ ರುಚಿ ನೆನಪಿತ್ತು. ಬೆಳಗ್ಗೆ ಕೆಲಸಕ್ಕೆ ಮೊದಲು ಏರಿಯ ಮೇಲೆ ನಡೆದು ಬರತೊಡಗಿದ. ಮೊದಲು ಹತ್ತಿರದ ತೂಬಿನವರೆಗೆ, ಆಮೇಲೆ ಅದರ ಮುಂದಿನದಕ್ಕೆ. ಬೇಸಿಗೆಯ ಹೊತ್ತಿಗೆ ತೆಗೆದ ರಕ್ತದಲ್ಲಿ ಆ ಅಂಕಿ ಇಳಿದಿತ್ತು. ಪಾರಮ್ಮ ಅವನ ಅಂಗಿಯ ಗುಂಡಿಗಳನ್ನು ಬಿಚ್ಚಿ ಒಳಗೆ ಸರಿಸಿ ಹೊಲಿದಳು.

ಗಾಳೆಮ್ಮ ಮಾತ್ರ ಅಂದು ಹೋದವಳು ಮತ್ತೆ ಬಂದಿರಲಿಲ್ಲ. ಬೇಸಿಗೆಯಲ್ಲಿ ಅವಳ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಹೇಳಿಕೆ ಬಂತು. ಹೇಳಲು ಬಂದವನ ಕೈಯಲ್ಲಿ ಇನ್ನೊಂದು ಮಾತನ್ನೂ ಅವಳು ಕಳಿಸಿದ್ದಳು: ಬರುವಾಗ ಪಾರವ್ವ ತನ್ನ ಗಿಂಡಿ ತರಬೇಕು.

ಅದು ರಾಜಿಯ ಮಾತೋ ಜಗಳದ ಮಾತೋ ಪಾರಮ್ಮನಿಗೆ ತಿಳಿಯಲಿಲ್ಲ. ಗಿಂಡಿ ಒಯ್ಯದಿದ್ದರೆ ಸಂಬಂಧ ಅಲ್ಲಿಗೆ ಮುಗಿಯಿತು. ಒಯ್ದರೆ ಅದರೊಳಗಿನದು ಯಾರ ತಾಟಿಗೆ ಬೀಳುತ್ತದೆ ಅಂತ ಗೊತ್ತೇ ಇತ್ತು. ಒಂದು ಊಟದ ತುಪ್ಪಕ್ಕೆ ಯಾರೂ ಸಾಯುವುದಿಲ್ಲ, ಅದೂ ಅವಳಿಗೆ ಗೊತ್ತು. ಆದರೆ ಒಂದು ಊಟದಲ್ಲಿ ಬಾರದ ಕೈ ಮುಂದಿನ ಊಟದಲ್ಲಿಯೂ ಬರುವುದಿಲ್ಲ. ವರ್ಷಕ್ಕೆ ಎಷ್ಟು ಕಾರ್ಯ, ಎಷ್ಟು ಹಬ್ಬ, ಎಷ್ಟು ಬುತ್ತಿ. ಅಟ್ಟದಿಂದ ಗಿಂಡಿ ಇಳಿಸಿ, ಜೇಡರ ಬಲೆ ತೆಗೆದು, ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಗಂಡನಿಗೆ ಏನೂ ಹೇಳಲಿಲ್ಲ. ಹೇಳುವುದನ್ನು ಒಮ್ಮೆ ಹೇಳಿ ಆಗಿತ್ತು.

ಹುಲಿಹೈದರದಲ್ಲಿ ಗಾಳೆಮ್ಮ ಬಾಗಿಲಲ್ಲೇ ನಿಂತಿದ್ದಳು. ಕಾಲಿಗೆ ನೀರು ಕೊಟ್ಟಳು. ತಮ್ಮನ ಗಲ್ಲ ಹಿಡಿದು ನೋಡಿದಳು. "ಇನ್ನೂ ಇಳದಾನ" ಅಂದಳು, ಪಾರಮ್ಮನ ಕಡೆ ನೋಡದೆ. ಗಿಂಡಿಯನ್ನು ಇಸಕೊಂಡು ಒಳಗೆ ಹೋದಳು.

ಗಂಡಸರ ಪಂಕ್ತಿ ಪಡಸಾಲೆಯಲ್ಲಿ ಕೂತಿತು. ಪಾರಮ್ಮ ಅಡುಗೆಮನೆಯ ಬಾಗಿಲಲ್ಲಿ, ಕಂಬದ ಸಂದಿಯಲ್ಲಿ ನಿಂತಳು. ಹೋಳಿಗೆ ಬಂತು. ಹಿಂದೆಯೇ ಗಾಳೆಮ್ಮ ಗಿಂಡಿ ಹಿಡಿದು ಬಂದಳು. ಎಲ್ಲರನ್ನೂ ದಾಟಿ ಮೊದಲು ತಮ್ಮನ ತಾಟಿಗೇ ಬಂದಳು. ಗಿಂಡಿ ಬಾಗಿತು.

ವಿರುಪಣ್ಣ ತಾಟಿನ ಮೇಲೆ ಕೈ ಇಟ್ಟ.

ಬಾಗಿದ ಗಿಂಡಿ ಆ ಕ್ಷಣಕ್ಕೆ ನಿಲ್ಲಲಿಲ್ಲ. ಆ ಕೈ ಅಡ್ಡ ಬರಬಹುದು ಅಂತ ಗಾಳೆಮ್ಮ ಎಣಿಸಿಯೇ ಇರಲಿಲ್ಲ. ಬೆಚ್ಚಗಿನ ತುಪ್ಪ ಅವನ ಮುಂಗೈ ಮೇಲೆ ಬಿದ್ದು, ಬೆರಳ ಸಂದಿಯಲ್ಲಿ ಇಳಿದು, ಮಣಿಕಟ್ಟಿನಿಂದ ನೆಲಕ್ಕೆ ತೊಟ್ಟಿಕ್ಕಿತು. ಅವನು ಕೈ ತೆಗೆಯಲಿಲ್ಲ.

"ಅಕ್ಕಾ, ಸಾಕು."

"ಏನ ಹಾಕೀನೋ ನಾನು? ಏನೂ ಹಾಕಿಲ್ಲಲ್ಲ."

"ಹಾಕೀದಿ. ಗೌಡರ ಮನಿ ಮದುವ್ಯಾಗಿಂದೂ ಸೇರಿಸಿ ಹಾಕೀದಿ. ನನಗ ಮುಟ್ಟೇತಿ." ಅವನು ಈಗ ತಲೆ ಎತ್ತಿ ಅಕ್ಕನನ್ನು ನೋಡಿದ. "ಇನ್ನ ಹಾಕಿದ್ರ ನಾ ಇರಾದಿಲ್ಲ."

ಗಾಳೆಮ್ಮ ಗಿಂಡಿಯನ್ನು ಎಡಗೈಗೆ ಬದಲಾಯಿಸಿ, ಬಗ್ಗಿ, ಸೆರಗಿನಿಂದ ಅವನ ಕೈ ಒರೆಸಿದಳು. ಒಂದೊಂದೇ ಬೆರಳು. ಸಣ್ಣ ಹುಡುಗನ ಕೈ ಒರೆಸಿದ ಹಾಗೆ.

"ಸುಡಲಿಲ್ಲೇನೋ, ಹುಚ್ಚಪ್ಯಾಲಿ" ಅಂದಳು. ಮುಂದಿನ ತಾಟಿಗೆ ನಡೆದಳು.

ಪಂಕ್ತಿಯ ಕೊನೆ ಮುಟ್ಟಿ ಒಳಗೆ ಬಂದವಳು ಬಾಗಿಲಲ್ಲಿದ್ದ ಪಾರಮ್ಮನ ಕೈಯಲ್ಲಿ ಗಿಂಡಿ ಇಟ್ಟಳು. "ತಗೋ ನಿಂದು" ಅಂದಳು, ಅಷ್ಟೇ. ಒಲೆಯ ಮೂಲೆಯಲ್ಲಿ ಮನೆಯ ಹೆಂಗಸರಿಗೆಂದು ಇಟ್ಟಿದ್ದ ಮಡಕೆಯ ಮುಚ್ಚಳ ತೆಗೆದಳು. ಪುಂಡಿಪಲ್ಯ, ಜೋಳದ ನುಚ್ಚು ಹಾಕಿ ಕುದಿಸಿದ್ದು. ಬುಟ್ಟಿಯಿಂದ ಒಂದು ರೊಟ್ಟಿ ಎಳೆದುಕೊಂಡು, ಮಡಕೆ ಎತ್ತಿಕೊಂಡು ಮತ್ತೆ ಪಡಸಾಲೆಗೆ ಹೋದಳು. ವಿರುಪಣ್ಣನ ಕೈ ಇನ್ನೂ ತಾಟಿನ ಮೇಲೆಯೇ ಇತ್ತು.

"ಕೈ ತಗಿ. ಪುಂಡಿಪಲ್ಯಾ ಐತಿ. ಇದಕ್ಕೂ ನಿನ್ನ ಡಾಕ್ಟರ ಬ್ಯಾಡ ಅಂದಾನೇನು?"

"ಇಲ್ಲಕ್ಕಾ. ಇದನ್ನ ಉಣ್ಣು ಅಂದಾನ."

"ಹಂಗಾರ ಶ್ಯಾಣ್ಯಾ ಅದಾನ ಬಿಡು."

ಅವನು ಕೈ ತೆಗೆದ. ಗಾಳೆಮ್ಮ ಹಾಕಿದಳು, ಮತ್ತೆ ಹಾಕಿದಳು. ತಾಟಿನಲ್ಲಿ ಹೋಳಿಗೆ ಮುಚ್ಚಿಹೋಯಿತು. ಅವನ ಕೈ ಅಡ್ಡ ಬರಲಿಲ್ಲ.